ಡಾಗ್ನಿಯ ಜೋಗುಳ ಮತ್ತು ಹಳೇ ಟ್ರಾನ್ಸ್‌ಫರ್ ಕೇಸ್

ಈ ಸಲ ಜೀಪು ಬಿಚ್ಚಿ ಕಟ್ಟುವಾಗ ಅದರ ಹೊಟ್ಟೆಯೊಳಗೆ ಏನೇನು ಇರಬೇಕು ಅನ್ನುವುದನ್ನು ತಾನೇ ತೀರ್ಮಾನಿಸುತ್ತೇನೆಂದು ಡಾಗ್ನಿ ಘೋಷಿಸಿದಾಗ, ಗಂಡ ಟೋರ್ಫಿ ಕಾಫಿ ಲೋಟ ಕೆಳಗಿಟ್ಟ. ಉತ್ತರ ಐಸ್‌ಲ್ಯಾಂಡಿನ ಆ ಊರಿನಲ್ಲಿ ಹೆಂಡತಿ ಮನೆಯ ಗೋಡೆಗಳ ಬಣ್ಣ ಬದಲಿಸಬಹುದು, ಬೇಕಾದರೆ ಗೋಡೆಯನ್ನೇ ಬದಲಿಸಬಹುದು. ಜೀಪಿನ ಟ್ರಾನ್ಸ್‌ಫರ್ ಕೇಸಿಗೆ ಕೈ ಹಾಕುವುದೆಂದರೆ ಮಾತ್ರ ಗಂಡನ ಕರುಳಿಗೇ ಕೈ ಹಾಕಿದಂತೆ.

ಡಾಗ್ನಿಗೆ ಕಾರಣವಿತ್ತು. ಮಗಳು ಉನ್ನೂರ್ ಹುಟ್ಟಿದ ಮೇಲೆ ಅವಳು ಬೆಟ್ಟದ ಮುಖ ನೋಡಿರಲಿಲ್ಲ. ಬೇಸಿಗೆಯೆಲ್ಲ ಬೆಟ್ಟದಲ್ಲಿ ಮೇದ ಕುರಿಗಳನ್ನು ಊರವರೆಲ್ಲ ಸೇರಿ ಇಳಿಸಿ ತರುವ ಕಾಲ ಬಂದಿತ್ತು. ಹೋಗಲೇಬೇಕು, ಮಗುವನ್ನು ಕರೆದುಕೊಂಡೇ ಹೋಗಬೇಕು. ಮಗು ದಾರಿಯಲ್ಲಿ ನಿದ್ದೆ ಮಾಡಿದರೆ ಸರಿ, ಇಲ್ಲದಿದ್ದರೆ ತಾಯಿ ಮಗು ಇಬ್ಬರೂ ವಾಪಸ್ಸು.

ಅವಳ ತರ್ಕ ವಕೀಲರೂ ತಲೆದೂಗುವಂಥದ್ದು. ಹಳೇ ಡೀಸೆಲ್ ಇಂಜಿನ್ ಗಡಗಡ ನಡುಗುತ್ತದೆ. ಇಂಜಿನ್ನಿನ ಬಲವನ್ನು ನಾಲ್ಕೂ ಚಕ್ರಕ್ಕೆ ಹಂಚುವ ಆ ಟ್ರಾನ್ಸ್‌ಫರ್ ಕೇಸಂತೂ, ಲೋ ಗೇರಿಗೆ ಬಿದ್ದರೆ ಸಾಕು, ಊಂ ಎಂದು ಊಳಿಡುತ್ತದೆ. ಮಗು ಹಟ ಮಾಡಿದಾಗಲೆಲ್ಲ ಟೋರ್ಫಿ ಬಂದರಿನ ಸುತ್ತ ಲೋ ಗೇರಿನಲ್ಲೇ ಜೀಪು ತೆವಳಿಸುವವನು. ಡಾಗ್ನಿ ಹಿಂದೆ ಕೂತು ಜೋಗುಳ ಹಾಡಿದರೆ ಮಗುವಿಗೆ ಕೂಡಲೇ ನಿದ್ದೆ.

"ಅಷ್ಟು ಗಲಾಟೆಯಲ್ಲೇ ನನ್ನ ಹಾಡಿಗೆ ಮಲಗುತ್ತಾಳೆ ಅಂದ್ರೆ, ಸದ್ದೇ ಇಲ್ಲದ ಗಾಡೀಲಿ ಇನ್ನೆಷ್ಟು ಚೆನ್ನಾಗಿ ಮಲಗಬೇಡ ಹೇಳು," ಎಂದಳು.

ಟೋರ್ಫಿಗೆ ಎಂಟು ಸಿಲಿಂಡರಿನ ಪೆಟ್ರೋಲ್ ಇಂಜಿನ್ನಿನ ಮೇಲೆ ಕಣ್ಣಿತ್ತು. ಅದು ಕುಡಿಯುವ ಪೆಟ್ರೋಲಿಗೆ ಒಂದು ಹಸು ಸಾಕಬಹುದೆಂದು ಡಾಗ್ನಿ ತಳ್ಳಿಹಾಕಿದಳು. ನದಿ ದಾಟುವಾಗ ಡೀಸೆಲ್ಲೇ ನಂಬಿಕಸ್ಥ ಎಂಬಲ್ಲಿಗೆ ಇಬ್ಬರೂ ರಾಜಿಯಾದರು. ಹೊಸ ಬಗೆಯ, ನಡುಗದ ಡೀಸೆಲ್ ಇಂಜಿನ್ ಬಂತು. ಹಲ್ಲುಚಕ್ರದ ಟ್ರಾನ್ಸ್‌ಫರ್ ಕೇಸ್ ಹೋಗಿ ಊಳಿಡದ ಚೈನಿನದ್ದು ಬಂತು. ಟೋರ್ಫಿ ಹಳೆಯದನ್ನು ಬಟ್ಟೆಯಲ್ಲಿ ಒರೆಸುತ್ತ ನಿಂತದ್ದು ನೋಡಿ ಅವನ ಅಪ್ಪ ಗೆಸ್ತುರ್, ಬಿಸಾಕುವುದಾದರೆ ತನಗೇ ಕೊಡಿ ಎಂದ. ಅವನ ಜೀಪೂ ಅದೇ ಜಾತಿಯದು, ಅದರ ಕೇಸ್ ಒಡೆದಿತ್ತು. ಆ ಊಳಿಡುವ ಭೂತವನ್ನು ಸಂತೋಷವಾಗಿ ಒಯ್ಯಿರಿ ಮಾವ ಎಂದು ಡಾಗ್ನಿ ಉದಾರವಾಗಿ ದಾನ ಮಾಡಿದಳು.

ಹೊರಟ ಬೆಳಿಗ್ಗೆ ಜೀಪು ಹಂಸದ ಹಾಗೆ ಸಾಗಿತು. ಡಾಗ್ನಿ ಗಂಟಲು ಸರಿಮಾಡಿಕೊಂಡು ಜೋಗುಳ ಎತ್ತಿಕೊಂಡಳು. ಉನ್ನೂರ್ ಬೆಚ್ಚಿ ಕಣ್ಣರಳಿಸಿ ಅಮ್ಮನನ್ನೇ ನೋಡಿತು. ಆ ಹಾಡು ಅದರ ಕಿವಿಗೆ ಪೂರ್ತಿಯಾಗಿ ಬಿದ್ದದ್ದು ಅದೇ ಮೊದಲು. ಆಮೇಲೆ ತುಟಿ ನಡುಗಿತು. ಆಮೇಲೆ ಶುರುವಾಯಿತು ಅಳು.

ಹಾಲು ಕೊಟ್ಟದ್ದಾಯಿತು, ಬಟ್ಟೆ ಬದಲಿಸಿದ್ದಾಯಿತು. ಡಾಂಬರು ಮುಗಿದಲ್ಲಿ ಮುಂದಿನ ಒರಟು ದಾರಿಗೆ ಹೊಂದುವಂತೆ ಟೈರಿನ ಗಾಳಿ ಇಳಿಸಲು ಎಲ್ಲ ಗಾಡಿಗಳೂ ನಿಲ್ಲುವ ವಾಡಿಕೆ. ಅಲ್ಲಿಗೆ ಬರುವಷ್ಟರಲ್ಲಿ ಮಗುವಿನ ಮುಖ ಕೆಂಪಾಗಿ, ತಾಯಿಯ ಕಣ್ಣೂ ತುಂಬಿತ್ತು.

"ತಿರುಗಿಸೋಣ ಕಣೋ," ಎಂದಳು ಡಾಗ್ನಿ. "ಮಾವ ಈಗ ಬರ್ತಾರಲ್ಲ, ನೀನು ಅವರ ಜೊತೆ ಹೋಗು. ನಾವು ಮನೆಗೆ ಹೋಗ್ತೀವಿ."

ಟೋರ್ಫಿ ಮಗುವಿನ ಕಾಲು ನೇವರಿಸಿದ. ಅಷ್ಟರಲ್ಲಿ ಕೆಳಗಿನಿಂದ ಅಲ್ಲಿಗೆ ಬಂದು ಸೇರುವ ಕಲ್ಲುದಾರಿಯಿಂದ ಊಂ ಎಂಬ ಸದ್ದು ಏರಿ ಬಂತು. ಗೆಸ್ತುರ್ ಲೋ ಗೇರಿನಲ್ಲಿ ದಿಬ್ಬ ಹತ್ತುತ್ತಿದ್ದ.

ಉನ್ನೂರ್ ಅಳು ನಿಲ್ಲಿಸಿತು. ಜೀಪು ಹತ್ತಿರವಾದಷ್ಟೂ ಮಗುವಿನ ರೆಪ್ಪೆ ಭಾರವಾಯಿತು. ಗೆಸ್ತುರ್ ಇಂಜಿನ್ ಆರಿಸಿದೊಡನೆ ಮತ್ತೆ ಅಳು. ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಟೋರ್ಫಿ ನಗಲಿಲ್ಲ. ಬಹಳ ಕಷ್ಟಪಟ್ಟು ನಗಲಿಲ್ಲ.

"ಮಾವ," ಎಂದಳು ಡಾಗ್ನಿ, ತಗ್ಗಿದ ದನಿಯಲ್ಲಿ, "ನಿಮ್ಮ ಗಾಡೀಲಿ ಜಾಗ ಇದೆಯಾ?"

"ಭೂತದ ಪಕ್ಕದಲ್ಲಿ ಕೂರ್ತೀಯೇನಮ್ಮ?" ಎನ್ನುತ್ತ ಆತ ಹಿಂದಿನ ಸೀಟಿನಿಂದ ಹಗ್ಗ, ಬೂಟು, ರೊಟ್ಟಿಯ ಡಬ್ಬಿ ಎಲ್ಲ ಎತ್ತಿ ಜಾಗ ಮಾಡಿದ.

ಮೊದಲ ತಿರುವಿಗೇ ಮಗುವಿಗೆ ನಿದ್ದೆ. ನದಿ ಬಂತು, ನೀರು ಬಾಗಿಲಿಗೆ ಬಡಿಯಿತು, ಟ್ರಾನ್ಸ್‌ಫರ್ ಕೇಸ್ ಊಳಿಡುತ್ತಲೇ ದಾಟಿಸಿತು. ಆಚೆ ದಡದಲ್ಲಿ ಬೆಟ್ಟ ಪೂರ್ತಿ ತೆರೆದುಕೊಂಡಿತು. ಡಾಗ್ನಿ ಕಿಟಕಿಗೆ ಹಣೆ ಒತ್ತಿ ನೋಡಿಯೇ ನೋಡಿದಳು.

ಆಗ ಗಾಡಿಯಿಂದ ಗಾಡಿಗೆ ಮಾತಾಡುವ ರೇಡಿಯೋದಲ್ಲಿ ಟೋರ್ಫಿಯ ದನಿ. "ಇಲ್ಲಿ ತುಂಬಾ ಬಿಕೋ ಅಂತಿದೆ ಕಣೇ. ಒಂದು ಹಾಡು ಹೇಳು."

ಹಿಂದೆ ಮುಂದೆ ಹೋಗುತ್ತಿದ್ದ ಕುರಿಯವರ ಗಾಡಿಗಳಿಗೆಲ್ಲ ಆ ರೇಡಿಯೋ ಕೇಳಿಸುತ್ತದೆಂಬುದು ಅವಳಿಗೆ ಮರೆತೇ ಹೋಗಿತ್ತು. ಸಣ್ಣಗೆ ಜೋಗುಳ ಹಾಡಿದಳು. ಮುಗಿಯುವ ಮೊದಲೇ ಮುಂದಿನ ಗಾಡಿಯಿಂದ ಯಾರೋ ಗಾಬರಿಯಲ್ಲಿ ಕೂಗಿದರು.

"ಯಾರದೋ ಟ್ರಾನ್ಸ್‌ಫರ್ ಕೇಸ್ ಒಣಗಿ ಊಳಿಡ್ತಿದೆ. ಗಾಡಿ ನಿಲ್ಲಿಸಿ ಎಣ್ಣೆ ನೋಡ್ಕೊಳ್ರಪ್ಪ."

ರೇಡಿಯೋ ಒಂದು ಕ್ಷಣ ಗೊರಗೊರ ಅಂದಿತು. ಆಮೇಲೆ ಟೋರ್ಫಿ ಹೇಳಿದ, "ಅದು ಕೆಟ್ಟಿಲ್ಲ. ನಮ್ಮನೇದು. ಹಾಗೇ ಓಡ್ತಿರಲಿ ಬಿಡಿ."