ಬರ್ರಿಟೊ ಅಂಗಡಿಯಲ್ಲಿ ಬಾಯಿ ಬಿಟ್ಟಿದ್ದು

ಮದುವೆಯಾದಾಗಿನಿಂದ ಹೆಂಡತಿಯ ಅಡುಗೆಯನ್ನು ನಾನು ಬಾಯಿ ತುಂಬ ಹೊಗಳಿದ್ದು ಒಂದೇ ಸಲ. ಅದರ ಶಿಕ್ಷೆಯನ್ನು ಇನ್ನೂ ಅನುಭವಿಸುತ್ತಿದ್ದೇನೆ.

ನಾನು ಮರಿಲಿಂಗಪ್ಪ, ಶಹಾಪುರದ ಕಾಲುವೆ ಆಫೀಸಿನಲ್ಲಿ ಗುಮಾಸ್ತ. (ನಿಮ್ಮ ಹೊಲಕ್ಕೆ ನೀರು ಯಾವಾಗ ಬರುತ್ತದೆ ಎಂದು ಕೇಳಬೇಡಿ. ನಮ್ಮ ಆಫೀಸಿನ ನಲ್ಲಿಗೇ ಬರುವುದಿಲ್ಲ.) ರುಚಿ ನೋಡುವುದರಲ್ಲಿ ನನ್ನ ನಾಲಿಗೆ ಬಹಳ ಚುರುಕು. ಮಾತಾಡುವುದರಲ್ಲಿ ಅದಕ್ಕಿಂತ ಚುರುಕು ಎನ್ನುವುದು ನನ್ನ ಹೆಂಡತಿ ಮಾನಮ್ಮನ ದೂರು. ‘ನಮ್ಮ ಮನೆಯ ಸಾರಿಗೂ ಕಾಲುವೆಗೂ ಒಂದೇ ವ್ಯತ್ಯಾಸ, ಕಾಲುವೆಗೆ ಆಗಾಗ ನೀರು ನಿಲ್ಲಿಸುತ್ತಾರೆ’ ಎಂದು ಒಮ್ಮೆ ಸಹಜವಾಗಿ ಹೇಳಿದ್ದಕ್ಕೆ ಆ ವಾರವಿಡೀ ಅವಳು ಸಾರೇ ಮಾಡಲಿಲ್ಲ.

ಹೀಗಿರುವಾಗ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ, ಮೊದಲು ಪಂಪ್‌ಸೆಟ್ ರಿಪೇರಿ ಮಾಡುತ್ತಿದ್ದ ಮಳಿಗೆಯಲ್ಲಿ, ಚನ್ನಯ್ಯ ಎಂಬಾತ ಹೊಸ ಅಂಗಡಿ ತೆರೆದ. ಹೈದರಾಬಾದಿನ ಯಾವುದೋ ಹೋಟೆಲಿನಲ್ಲಿ ಕೆಲಸ ಕಲಿತು ಬಂದವನಂತೆ. ಬೋರ್ಡಿನ ತುಂಬ ‘ಬರ್ರಿಟೊ’ ಎಂದು ಬರೆಸಿದ್ದ.

“ಬರ್ರಿ ಅಂತ ಅಷ್ಟು ದೊಡ್ಡ ಅಕ್ಷರದಾಗ ಕರದಾನ. ಹೋಗದಿದ್ದರ ಚಂದ ಕಾಣ್ತದೇನ್ರಿ?” ಎಂದಳು ಮಾನಮ್ಮ.

“ಮತ್ತ ‘ಟೊ’ ಅಂದ್ರೇನು?”

“ಅದು ಹೋದ ಮ್ಯಾಲ ಗೊತ್ತಾಗ್ತದ.”

ಎದುರು ಮನೆಯ ಗೌಹರಬೇಗಂ ಟೀಚರು ಆಗಲೇ ಅಲ್ಲಿ ತಿಂದು ಬಂದು “ಮಸ್ತ್ ಅದರಿ” ಎಂದು ಸರ್ಟಿಫಿಕೇಟು ಕೊಟ್ಟಿದ್ದರಿಂದ ನನ್ನ ವಿರೋಧಕ್ಕೆ ಕವಡೆ ಕಿಮ್ಮತ್ತೂ ಇರಲಿಲ್ಲ. ಭಾನುವಾರ ಸಂಜೆ ಹೋದೆವು.

ಗಾಜಿನ ಪೆಟ್ಟಿಗೆಯ ಹಿಂದೆ ಸ್ಟೀಲ್ ಡಬ್ಬಿಗಳ ಸಾಲು. ಒಂದರಲ್ಲಿ ಅನ್ನ, ಒಂದರಲ್ಲಿ ರಾಜ್ಮಾ ಕಾಳು, ಮುಂದೆ ಟೊಮೆಟೊ ಚಟ್ನಿ, ಗಟ್ಟಿ ಮೊಸರು. ಇವನ್ನೆಲ್ಲ ಮೈದಾ ರೊಟ್ಟಿಯಲ್ಲಿಟ್ಟು ಸುತ್ತಿದರೆ ಅದೇ ಬರ್ರಿಟೊ. ಗಿರಾಕಿಯೇ ಸಾಲಿನಲ್ಲಿ ನಿಂತು ಅದು ಹಾಕು, ಇದು ಹಾಕು ಎಂದು ಬೆರಳು ಮಾಡಿ ತೋರಿಸಬೇಕು. (ಇಷ್ಟೆಲ್ಲ ನಾನೇ ಹೇಳಬೇಕಾದರೆ ಮನೆಯಲ್ಲೇ ಇರಬಹುದಿತ್ತಲ್ಲ?) ಚನ್ನಯ್ಯ ಕೈಗೆ ಪ್ಲಾಸ್ಟಿಕ್ ಗವಸು ಹಾಕಿಕೊಂಡು, ಆಪರೇಷನ್ ಮಾಡುವ ಡಾಕ್ಟರನ ಗಾಂಭೀರ್ಯದಿಂದ ಕೆಲಸ ನಡೆಸಿದ್ದ. ನನ್ನ ಮುಂದಿದ್ದವನು ಆಸೆಗೆ ಬಿದ್ದು ಎಲ್ಲವನ್ನೂ ಹಾಕಿಸಿಕೊಂಡ. ರೊಟ್ಟಿ ಸಾಲದೆ, ಚಿಕ್ಕ ದುಪ್ಪಟಿಯಲ್ಲಿ ಸುತ್ತಿದ ಕೂಸಿನ ಕಾಲಿನಂತೆ ಅನ್ನ-ಕಾಳೆಲ್ಲ ಹೊರಗೆ ಬಂದಿತ್ತು.

ಕೊನೆಗೆ ನನ್ನ ಕೈಗೂ ಬೆಳ್ಳಿ ಕಾಗದ ಸುತ್ತಿದ ಒಂದು ಗುಂಡು ಬಂತು. ಮೇಲಿನಿಂದ ಕಚ್ಚಿದೆ, ಕೆಳಗಿನಿಂದ ಸೋರಿತು. ಕೆಳಗೆ ಹಿಡಿದೆ, ಪಕ್ಕದಲ್ಲಿ ಒಡೆಯಿತು. ಇಂಥ ಏರಿ ಒಡೆತವನ್ನು ನಮ್ಮ ಕಾಲುವೆಯಲ್ಲೂ ಕಂಡಿರಲಿಲ್ಲ. ಇಸ್ತ್ರಿ ಮಾಡಿದ ಅಂಗಿಗೆ ಕಾಲರಿನಿಂದ ಕೊನೆಯ ಗುಂಡಿಯವರೆಗೆ ಸಂಪೂರ್ಣ ನೀರಾವರಿಯಾಯಿತು.

“ಏ ಚನ್ನಯ್ಯ! ಇದಕ್ಕ ರೊಟ್ಟಿ ಅಂತೀಯೇನು?” ಎಂದು ಗುಡುಗಿದೆ. “ಬುತ್ತಿ ಗಂಟು ಬಸ್ಸಿನ ಗಾಲಿಗಿ ಸಿಕ್ಕಂಗ ಆಗ್ಯಾದ!”

“ಮೆಕ್ಸಿಕೊ ದೇಶದಾಗ ಹಿಂಗ ತಿಂತಾರ್ರಿ ಸರ,” ಎಂದ ಅವನು ಸಣ್ಣ ಮುಖ ಮಾಡಿ.

“ಪಾಪ, ಅವರಿಗಿ ಮನ್ಯಾಗ ಮಾಡಿ ಹಾಕೋರು ಯಾರೂ ಇಲ್ಲೇನೋ!”

ಕುಳಿತಿದ್ದ ಗಿರಾಕಿಗಳು ನಕ್ಕರು. ಯಾರಾದರೂ ನಕ್ಕರೆ ನನಗೆ ಮಾತು ನಿಲ್ಲಿಸಲು ಬರುವುದಿಲ್ಲ. ಎದ್ದು ನಿಂತೆ.

“ನನ್ನ ಹೆಂಡ್ತಿ ಇಲ್ಲೇ ಕುಂತಾಳ ನೋಡು. ಅಕಿ ಮಾಡಿದ ರೊಟ್ಟಿ ಅಂದ್ರ ರೇಷ್ಮಿ ವಸ್ತ್ರ! ಅಲಸಂದಿ ಪಲ್ಯ ಇಟ್ಟು ಅಕಿ ಸುತ್ತಿ ಕೊಟ್ಟರ, ಗುರುಮಠಕಲ್ ಬಸ್ಸಿನ್ಯಾಗ ಕುಂತು ಹೋಗಿ ಬಂದರೂ ಒಂದು ಕಾಳು ಉದರೂದಿಲ್ಲ. ಈ ಊರಾಗ ಅಂಥಾ ಕೈ ಇನ್ನೊಂದಿಲ್ಲ, ತಿಳೀತೇನು?”

ಮಾನಮ್ಮ ಅಗಿಯುವುದನ್ನು ನಿಲ್ಲಿಸಿದಳು. “ಖರೇ ಅಂತೀರೇನ್ರಿ?” ಎಂದಳು ಮೆಲ್ಲಗೆ.

ಇಡೀ ಅಂಗಡಿ ನನ್ನನ್ನೇ ನೋಡುತ್ತಿತ್ತು. ಹಿಂದೆ ಸರಿಯುವಂತಿರಲಿಲ್ಲ. “ಖರೇ ಅಲ್ಲದ ಮತ್ತೇನು!” ಎಂದೆ.

ಚನ್ನಯ್ಯ ಗವಸು ಕಳಚಿ ಅವಳ ಮುಂದೆ ಬಂದು ನಿಂತ. “ಅಕ್ಕಾರ, ಸರ ಅಂದಿದ್ದು ಬರೋಬರಿ ಅದರಿ. ನನಗ ರೊಟ್ಟಿ ಹದ ಸಿಗವಲ್ದು. ಸಂಜಿ ಹೊತ್ತು ಬಂದು ನೀವು ಸಂಭಾಳಿಸ್ತೀರೇನ್ರಿ? ಪಗಾರ ಕೊಡ್ತೀನ್ರಿ.”

ನಾನು ಜೋರಾಗಿ ನಕ್ಕೆ. ಈ ಸಲ ಬೇರೆ ಯಾರೂ ನಗಲಿಲ್ಲ.

“ನಾಳಿಂದ ಬರ್ತೀನಿ,” ಎಂದಳು ಮಾನಮ್ಮ.

ದಾರಿಯುದ್ದಕ್ಕೂ ಮಹಾಯುದ್ಧ. “ಸರ್ಕಾರಿ ನೌಕರನ ಹೆಂಡ್ತಿ ಅಂಗಡ್ಯಾಗ ನಿಂತು ರೊಟ್ಟಿ ಸುತ್ತೂದೇನು? ಮಂದಿ ಏನಂದಾರು?”

“ಮಂದಿ ಮುಂದ ನೀವೇ ಹೇಳಿರಲ್ಲ, ನನ್ನಂಥ ಕೈ ಇನ್ನೊಂದಿಲ್ಲಂತ. ಅದನ್ನ ಮನ್ಯಾಗ ಒಮ್ಮೆರ ಅಂದಿದ್ರ ಮನ್ಯಾಗ ಇರ್ತಿದ್ದೆ.”

ನಾನು ಅಂಗಿಯ ಮೇಲಿನ ಮೊಸರು ಒರೆಸಿಕೊಳ್ಳತೊಡಗಿದೆ.

ಅವಳು ಹೋದಳು. ರಾಜ್ಮಾ ಓಡಿಸಿ ಅಲಸಂದಿ ತಂದಳು, ಮೊಸರು ಇಳಿಸಿ ಕೆಂಪು ಖಾರ ಏರಿಸಿದಳು. ಅಂಗಡಿಯ ಸಾಲು ಓಣಿಯ ತಿರುವಿಗೆ ಬಂತು. ಇತ್ತ ಮನೆಯಲ್ಲಿ ಸಂಜೆ ಒಲೆ ಹಚ್ಚುವವರಿಲ್ಲ. “ನಿಮಗೂ ಅಲ್ಲೇ ಮಾಡಿ ಕೊಡ್ತೀನಿ, ಬರ್ರಿ” ಎಂದು ಅವಳು ದಿನಾ ಕರೆಯುತ್ತಿದ್ದಳು. ನಾನು ಸ್ವಾಭಿಮಾನಿ. ಅವಲಕ್ಕಿ ತಿಂದೆ, ಬಾಳೆಹಣ್ಣು ತಿಂದೆ, ಸ್ವಹಸ್ತದಿಂದ ಅನ್ನ ಮಾಡಿ ಪಾತ್ರೆಯ ತಳ ಕೆರೆದೆ. ಕಡೆಗೆ ಹೊಟ್ಟೆ ಸ್ವಾಭಿಮಾನವನ್ನು ಸೋಲಿಸಿತು.

ಗಂಡನೆಂಬ ಅಧಿಕಾರದಿಂದ ಅಂಗಡಿಯ ಸಾಲು ದಾಟಿ ನೇರವಾಗಿ ಮುಂದೆ ಹೋದೆ.

“ಸರ, ಲೈನಿನ್ಯಾಗ ಬರ್ರಿ,” ಎಂದರು ಸಾಲಿನಲ್ಲಿದ್ದ ಗೌಹರಬೇಗಂ.

ಹಿಂದೆ ಹೋಗಿ ನಿಂತೆ. ಬೆವರಿದೆ. ಅಂತೂ ನನ್ನ ಸರದಿ ಬಂತು. ತಲೆಗೆ ಟೋಪಿ, ಕೈಗೆ ಗವಸು ತೊಟ್ಟ ಮಾನಮ್ಮ ಕೆಲಸದ ಭರದಲ್ಲಿ ತಲೆ ಎತ್ತದೆ ಕೇಳಿದಳು:

“ಏನ್ ಹಾಕ್ಲಿ, ಅಣ್ಣಾರ?”

ಅಂಗಡಿಯಲ್ಲಿ ಎದ್ದ ನಗೆಗೆ ಚನ್ನಯ್ಯನ ಕೈಯಿಂದ ಸೌಟು ಬಿತ್ತು. ಗೌಹರಬೇಗಂ ಗೋಡೆ ಹಿಡಿದು ಕುಳಿತರು. ಮಾನಮ್ಮ ತಲೆ ಎತ್ತಿ ನೋಡಿ ನಾಲಿಗೆ ಕಚ್ಚಿಕೊಂಡಳು. ಈಗ ತಿದ್ದಿಕೊಳ್ಳುತ್ತಾಳೆ ಎಂದು ಕಾದೆ.

“ಹಿಂದ ಮಂದಿ ನಿಂತಾರ್ರಿ, ಲಗೂನ ಹೇಳ್ರಿ,” ಎಂದಳು.

ಈಗ ಜವಾನನಿಂದ ಹಿಡಿದು ಇಂಜಿನಿಯರ್ ಸಾಹೇಬರವರೆಗೆ ಆಫೀಸಿನಲ್ಲಿ ಎಲ್ಲರೂ ನನ್ನನ್ನು ‘ಅಣ್ಣಾರ’ ಎಂದೇ ಕರೆಯುತ್ತಾರೆ. ಅದು ಗೌರವಕ್ಕೆ ಎಂದು ನೀವು ತಿಳಿದುಕೊಂಡರೆ ನನ್ನ ಅಭ್ಯಂತರವೇನೂ ಇಲ್ಲ.