ಅಳಿಯಂದಿರಿಗೆ ತಪ್ಪು ಹೇಳುವುದು ಹೇಗೆ?

ನಮ್ಮ ಭಾವ ವಿಮಾನ ಹಾರಿಸುವವರಿಗೇ ಪಾಠ ಹೇಳುವ ಮನುಷ್ಯ. ಆದರೆ ಅಟ್ಟದ ಏಣಿ ಹತ್ತಿದರೆ ಸಾಕು, ಅವರಿಗೆ ತಲೆ ಸುತ್ತುತ್ತದೆ! ಹಾರಿಸುವುದು ಅವರ ಕೆಲಸವಲ್ಲ ಬಿಡಿ. ವಿಮಾನದ ಸಿಬ್ಬಂದಿಯೆಲ್ಲ ಒಂದಾಗಿ, ತಪ್ಪಿಲ್ಲದೆ ಕೆಲಸ ಮಾಡುವುದು ಹೇಗೆಂಬ ತರಬೇತಿ ರೂಪಿಸುತ್ತಾರೆ. ಕ್ಯಾಪ್ಟನ್ ತಪ್ಪಿದರೆ ಪಕ್ಕದ ಕಿರಿಯ ಪೈಲಟ್ ಸಂಕೋಚ ಬಿಡಬೇಕು. ಮೊದಲು ಕ್ಯಾಪ್ಟನ್ನನ್ನು ಕರೆಯಬೇಕು, ಕಂಡದ್ದನ್ನು ಹೇಳಬೇಕು, ಏನು ಮಾಡೋಣವೆಂದು ಸೂಚಿಸಬೇಕು. ಅಷ್ಟೇ ಪಾಠ.

ಅದನ್ನು ಪರೀಕ್ಷಿಸಲು ಶಿಕಾರಿಪುರದ ನಮ್ಮ ಮನೆಗೇ ಬರುತ್ತಾರೆ. ಅಳಿಯನಿಗೆ ಎದುರಾಡದ ಮಾವನ ಮನೆಗಿಂತ ಕಷ್ಟದ ಪರೀಕ್ಷೆ ಇನ್ನೆಲ್ಲಿ ಸಿಕ್ಕೀತು?

ಈ ಸಲ ತಾವೇ ಸಾರು ಮಾಡಿ, ಬೇಕೆಂದೇ ಎರಡರಷ್ಟು ಉಪ್ಪು ಸುರಿದರು. ಎಲ್ಲರೂ ತಲೆ ತಗ್ಗಿಸಿ ಉಂಡೆವು. ಅಪ್ಪ ಇನ್ನೊಂದು ಸೌಟು ಹಾಕಿಸಿಕೊಂಡರು!

“ಉಪ್ಪಾಗಿದ್ದು ಗೊತ್ತಾಗ್ಲಿಲ್ವಾ ಅತ್ತೆ?” ಭಾವ ಕೇಳಿದರು.

“ಗೊತ್ತಾತು. ಅಳಿಯಂದ್ರು ಮಾಡಿದ್ದಕ್ಕೆ ಹೆಂಗ್ ಹೇಳೋದ್ರೀ,” ಅಂದಳು ಅಮ್ಮ, ಎರಡನೇ ಚೊಂಬು ನೀರು ಖಾಲಿ ಮಾಡುತ್ತ.

ಭಾವ ನೋಟ್ ಪುಸ್ತಕ ತೆಗೆದು ಬರೆದುಕೊಂಡರು: “ವಿಮಾನ ಬಿತ್ತು.”

ಮರುದಿನ ಸೊರಬದಲ್ಲಿ ಸೋದರತ್ತೆಯ ಮನೆಯ ಗೃಹಪ್ರವೇಶ. ಕಾರು ಭಾವನದು, ಓಡಿಸುವವರೂ ಅವರೇ. ಶಿರಾಳಕೊಪ್ಪದಲ್ಲಿ ಸೊರಬದ ಬೋರ್ಡು ಎದುರಿಗೇ ಇದ್ದರೂ ಆನವಟ್ಟಿ ದಾರಿ ಹಿಡಿದರು. ಅಪ್ಪ ಕೆಮ್ಮಿದರು. ಅಕ್ಕ ನನ್ನತ್ತ ನೋಡಿದಳು, ನಾನು ಕಿಟಕಿಯತ್ತ ನೋಡಿದೆ. ಅಮ್ಮ ಮಾತ್ರ, “ಈ ದಾರೀಲಿ ಗಾಳಿ ಚಲೋ ಐತೆ,” ಅಂದಳು. ಸುತ್ತಿ ಬಳಸಿ ಸೊರಬ ಸೇರುವ ಹೊತ್ತಿಗೆ ಅಲ್ಲಿ ಎಲೆ ಎತ್ತುತ್ತಿದ್ದರು.

ವಾಪಸು ಬರುವಾಗ ಕುರಿಮಂದೆಯೊಂದು ರಸ್ತೆ ತುಂಬಿತ್ತು. ನನಗೆ ದೂರದಿಂದಲೇ ಕಂಡಿತ್ತು. ಭಾವ ಬ್ರೇಕು ಒತ್ತಿದ್ದು ಕುರಿ ಕಾಯುವವನು ಕೂಗುತ್ತ ಕೋಲು ಬೀಸಿದ ಮೇಲೆ! ಒಂದು ಮೊಳದ ಅಂತರದಲ್ಲಿ ಕುರಿಯೊಂದು ಬದುಕಿಕೊಂಡಿತು. ಹಿಂದಿನ ಸೀಟಿನಲ್ಲಿ ಅಪ್ಪ, ಅಮ್ಮ, ಅಕ್ಕ. ಆಗಲೂ ಯಾರೂ ಬಾಯಿ ಬಿಡಲಿಲ್ಲ.

“ಭಾವ,” ಅಂದೆ. “ನಿಮಗೆ ದೂರದ್ದು ಕಾಣ್ತಿಲ್ಲ. ಕಾರು ನಾನು ಓಡಿಸ್ತೀನಿ. ನಾಳೆ ಕಣ್ಣಿನ ಡಾಕ್ಟರ ಹತ್ರ ಹೋಗೋಣ.”

ಅವರು ಕಾರನ್ನು ಪಕ್ಕಕ್ಕೆ ನಿಲ್ಲಿಸಿ ಇಳಿದರು. ಕೀಲಿಯನ್ನು ನನ್ನ ಅಂಗೈಲಿಟ್ಟರೂ ಕೈ ಹಿಂದೆ ತೆಗೆಯಲಿಲ್ಲ.

“ಮೂರು ತಿಂಗಳಿಂದ ಗೊತ್ತು ಕಣೋ. ಹೇಳ್ಕೊಳ್ಳೋಕೆ ನನಗೇ ಬಾಯಿ ಬರ್ಲಿಲ್ಲ. ನಿಮ್ಮಲ್ಲಿ ಯಾರಾದ್ರೂ ಹೇಳ್ಲಿ ಅಂತ ಪಾಠ ಮಾಡ್ತಾ ಬಂದೆ.”

ಹೇಳಿಕೊಳ್ಳಲು ಭಾವನಿಗೂ ಭಯವಾಗಬಹುದೆಂದು ನಾನು ಯಾವತ್ತೂ ಯೋಚಿಸಿರಲಿಲ್ಲ. ಕೀಲಿಯ ಜೊತೆ ಆ ಕೈಯನ್ನೂ ಹಿಡಿದುಕೊಂಡೆ.