ಖಾಲಿ ಬಂದ ಡಬ್ಬಿ

ಬಾಯಿ ಬಿಡಲು ಹೆದರುವವರಿಗೇ ದೇವರು ಪಾಠ ಹೇಳುವ ಕೆಲಸ ಯಾಕೆ ಕೊಡುತ್ತಾನೋ ಗೊತ್ತಿಲ್ಲ. ಕೊಟ್ಟ ಮೇಲೆ ಇಂಥವು ನಡೆಯುತ್ತಲೇ ಇರುತ್ತವೆ. ನಾನು ಮಾನ್ವಿಯ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಅತಿಥಿ ಉಪನ್ಯಾಸಕಿ. ಪರೀಕ್ಷೆ ಮುಗಿದ ಕೂಡಲೇ ಗೌರವದಿಂದ ಮನೆಗೆ ಕಳಿಸುತ್ತಾರೆ. ಮುಂದಿನ ವರ್ಷ ಕರೆದರೆ ಉಂಟು, ಇಲ್ಲದಿದ್ದರೆ ಇಲ್ಲ.

೧. ಮೊದಲ ಪಾಠ

ಜೀವಕೋಶದ ಮೈಮೇಲೆ ರಿಸೆಪ್ಟರ್‌ಗಳಿರುತ್ತವೆ. ಹೊರಗಿನ ಸರಕು ಹಿಡಿದು ಒಳಗೆ ಹೋಗುತ್ತವೆ, ಸರಕು ಇಳಿಸಿ ಬರಿಗೈಯಲ್ಲಿ ಮತ್ತೆ ಮೇಲಕ್ಕೆ ಬರುತ್ತವೆ. ಇಷ್ಟನ್ನು ನನ್ನ ಕಾನ್ವೆಂಟ್ ಇಂಗ್ಲಿಷಿನಲ್ಲಿ, ಬೋರ್ಡಿಗೇ ಮುಖ ಮಾಡಿ, ಮುಕ್ಕಾಲು ತಾಸು ಹೇಳಿದೆ. ಮೊದಲ ಬೆಂಚಿನ ಪೋತ್ನಾಳದ ಹುಡುಗಿ ಎದ್ದು ನಿಂತಳು.

"ಭಾಳ ಛಂದ ಹೇಳಿದ್ರಿ ಮೇಡಂ. ಈಗ ಪಾಠ ಶುರು ಮಾಡ್ರಿ."

೨. ರಿವಾಜು ತಿಳಿಯದ ಜೀವಕೋಶ

ಸುದ್ದಿ ಪ್ರಾಂಶುಪಾಲರಿಗೆ ಮುಟ್ಟಿತು. "ಸೋಮವಾರ ಇದನ್ನ ಕನ್ನಡದಾಗ ಹೇಳ್ರಿ. ನಾ ಬಂದು ಕೂಡ್ತೀನಿ. ಆಮ್ಯಾಲ ಮುಂದಿನ ವರ್ಷದ್ದು ನೋಡೂಣು."

ರಾಯಚೂರಿನ ಮನೆಯಲ್ಲಿ ಅವ್ವನ ಮುಂದೆ ತಾಲೀಮು. "ನೋಡು ಯವ್ವಾ, ಈ ಸ್ಟೀಲ್ ಡಬ್ಬಿನ ರಿಸೆಪ್ಟರ್. ಒಳಗಿನ ಶೇಂಗಾ ಉಂಡಿ ಅಂದ್ರ ಸರಕು. ಜೀವಕೋಶ ಡಬ್ಬಿ ಒಳಗ ತಗೋತದ. ಅಲ್ಲಿ ಹುಳಿ ತಾಕಿದ ಕೂಡ್ಲೆ ಡಬ್ಬಿ ಉಂಡಿ ಬಿಡತದ. ಉಂಡಿ ಅರಗಿಸಿಕೊಂಡು, ಡಬ್ಬಿ ಹೊಳ್ಳಿ ಬಾಗಿಲಿಗೆ ಕಳಸ್ತದ."

"ಖಾಲಿ?"

"ಖಾಲಿನ."

ಅವ್ವನಿಗೆ ಆಘಾತ. ನಮ್ಮ ಓಣಿಯಲ್ಲಿ ಯಾರ ಡಬ್ಬಿಯೂ ಖಾಲಿ ಹಿಂದಿರುಗಿದ್ದಿಲ್ಲ. ಏನಿಲ್ಲದಿದ್ದರೂ ಚಿಟಿಕೆ ಸಕ್ಕರೆ. "ಕೋಟಿ ವರ್ಷದಿಂದ ಅದ ಅಂತೀ. ಇಷ್ಟು ರಿವಾಜು ಕಲೀಲಿಲ್ಲೇನ್ ಅದು?"

೩. ಸೋಮವಾರ

ಅವ್ವ ಡಬ್ಬಿ ತುಂಬ ಶೇಂಗಾ ಉಂಡಿ ಕೊಟ್ಟಳು, ವಿಜ್ಞಾನಕ್ಕಲ್ಲ, ಪ್ರಾಂಶುಪಾಲರಿಗೆ. ಅವರು ಹಿಂದಿನ ಬೆಂಚಿನಲ್ಲಿ, ನಾನು ಬೋರ್ಡಿನ ಮುಂದೆ ಡಬ್ಬಿ ಹಿಡಿದು. ಅವ್ವನ ತಕರಾರನ್ನೂ ಹೇಳಿದೆ. ಆ ದಿನ ಎಲ್ಲರೂ ಬರೆದುಕೊಂಡರು.

ಪೋತ್ನಾಳದ ಹುಡುಗಿ ಕೇಳಿದಳು: "ಮೇಡಂ, ಒಂದು ರಿಸೆಪ್ಟರ್ ಎಷ್ಟು ಸಲ ಹೋಗಿ ಬರತದ್ರಿ?"

"ಕೆಲವು ನೂರಾರು ಸಲ. ಬ್ಯಾಡಾದದ್ದನ್ನ ಜೀವಕೋಶ ಲೈಸೋಸೋಮ್ ಅನ್ನೋ ತನ್ನ ಅರಗಿಸೋ ಚೀಲಕ್ಕ ಹಾಕಿ ಕರಗಸ್ತದ."

"ಮತ್ತ ಪರ್ಮನೆಂಟ್ ಯಾವಾಗ ಆಗತದ್ರಿ?"

ತರಗತಿಯೆಲ್ಲ ಹಿಂದಿನ ಬೆಂಚಿನತ್ತ ತಿರುಗಿತು. ಪ್ರಾಂಶುಪಾಲರು ಎದ್ದರು. "ಅದು ಸಿಲೆಬಸ್‌ದಾಗ ಇಲ್ಲವ್ವಾ," ಎಂದವರೇ ಮುಂದೆ ಬಂದು ನನ್ನ ಮೇಜಿನ ಮೇಲಿನ ಡಬ್ಬಿ ಎತ್ತಿಕೊಂಡು ತಮ್ಮ ಕೋಣೆಗೆ ನಡೆದರು.

೪. ಹೊಳ್ಳಿ ಬಂದದ್ದು

ಪರೀಕ್ಷೆ ಮುಗಿಯಿತು. ನನ್ನನ್ನು ಮನೆಗೆ ಕಳಿಸಿದರು, ಡಬ್ಬಿ ಕಳಿಸಲಿಲ್ಲ. ರಜೆಯುದ್ದಕ್ಕೂ ಅವ್ವ ಕೇಳಿದ್ದು ಡಬ್ಬಿಯನ್ನು, ನಾನು ಕಾದದ್ದು ಕರೆಯನ್ನು. ಎರಡೂ ಲೈಸೋಸೋಮಿನಲ್ಲಿ ಕರಗಿದವೆಂದೇ ತಿಳಿದೆ.

ಕಾಲೇಜು ಶುರುವಾಗುವ ವಾರ ಪೋತ್ನಾಳದ ಹುಡುಗಿ ಏನೋ ಕೆಲಸಕ್ಕೆ ರಾಯಚೂರಿಗೆ ಬಂದವಳು ನಮ್ಮ ಮನೆಗೂ ಬಂದಳು. ಕೈಯಲ್ಲಿ ಅದೇ ಡಬ್ಬಿ.

"ಪ್ರಿನ್ಸಿಪಾಲ್ ಸರ್ ಕೊಟ್ಟಾರ್ರಿ. ಖಾಲಿ ಕಳಸಬಾರದು ಅಂದ್ರು."

ಮುಚ್ಚಳ ತೆಗೆದೆ. ಒಳಗೆ ಮಡಚಿಟ್ಟ ಆದೇಶಪತ್ರ: ಈ ವರ್ಷವೂ ನಾನೇ ಅತಿಥಿ. ನನ್ನ ಕಣ್ಣು ತುಂಬಿದವು. ಅವ್ವ ಡಬ್ಬಿ ಇಸಿದುಕೊಂಡು ಬೋರಲು ಹಾಕಿ ಎರಡು ಸಲ ಬಡಿದಳು.

"ಬರೇ ಕಾಗದ! ಅಷ್ಟು ದೊಡ್ಡ ಕಾಲೇಜಿಗೆ ಒಂದು ಚಿಟಿಕಿ ಸಕ್ರಿ ಗತಿ ಇಲ್ಲೇನು?"